ಎಲ್ಮನ್ ಶಾಂತಿ ಕೇಂದ್ರ: ಮೊಗದಿಶುವಿನ ಯುವಜನರ ನಡುವಿನ ಕೆಲಸ ಮತ್ತು ಅದಕ್ಕೆ ಸಂದ ಮನ್ನಣೆ

ಎಲ್ಮನ್ ಶಾಂತಿ ಮತ್ತು ಮಾನವ ಹಕ್ಕುಗಳ ಕೇಂದ್ರ ಸೊಮಾಲಿಯದ ರಾಜಧಾನಿ ಮೊಗದಿಶುವಿನಲ್ಲಿ 1990ರಲ್ಲಿ ಆರಂಭವಾದ ಸ್ವಯಂಸೇವಾ ಸಂಸ್ಥೆ. ಸಶಸ್ತ್ರ ಬಣಗಳ ಕೈಗೆ ಸಿಕ್ಕ ಹುಡುಗರಿಂದ ಬಂದೂಕು ಬಿಡಿಸಿ ಅವರಿಗೊಂದು ಕಸುಬು ಕಲಿಸುವುದು, ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಆಸರೆ ನೀಡುವುದು, ಹಕ್ಕುಗಳ ಉಲ್ಲಂಘನೆಯನ್ನು ದಾಖಲಿಸುವುದು ಇದರ ಮುಖ್ಯ ಕಾರ್ಯಗಳು. ಸಂಸ್ಥೆಯ ಕೆಲಸಕ್ಕಾಗಿ ಅದರ ನಾಯಕಿಯರಾದ ಫರ್ತೂನ್ ಅದಾನ್ ಮತ್ತು ಅವರ ಮಗಳು ಇಲ್ವಾದ್ ಎಲ್ಮನ್ ಅವರಿಗೆ 2020ರಲ್ಲಿ ಅರೋರಾ ಪ್ರಶಸ್ತಿಯೂ 2022ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಬಂದವು. ಎರಡನೆಯದು ‘ಪರ್ಯಾಯ ನೊಬೆಲ್’ ಎಂದೇ ಪ್ರಸಿದ್ಧ. ಸಂಸ್ಥಾಪಕರಾದ, ಫರ್ತೂನ್ ಅವರ ಪತಿ ಎಲ್ಮನ್ ಅಲಿ ಅಹ್ಮದ್ ಮಾತ್ರ ಇವುಗಳಲ್ಲಿ ಒಂದನ್ನೂ ಕಾಣಲಿಲ್ಲ. 1996ರಲ್ಲಿಯೇ ಅವರ ಕೊಲೆಯಾಗಿತ್ತು.

ಹಿನ್ನೆಲೆ

ಸೊಮಾಲಿಯದ ಸರ್ವಾಧಿಕಾರಿ ಸಿಯಾದ್ ಬಾರೆಯ ಆಳ್ವಿಕೆ 1991ರ ಜನವರಿಯಲ್ಲಿ ಕುಸಿದುಬಿತ್ತು. ಅವನನ್ನು ಓಡಿಸಿದವರೇ ಕೆಲವೇ ತಿಂಗಳಲ್ಲಿ ತಮ್ಮೊಳಗೆ ಕಾದಾಡತೊಡಗಿದರು. ಅಲಿ ಮಹದಿ ಮತ್ತು ಮೊಹಮ್ಮದ್ ಫರಾ ಐದೀದರ ಪಡೆಗಳ ನಡುವೆ ಮೊಗದಿಶು ಎರಡು ಹೋಳಾಯಿತು. ಸರ್ಕಾರದ ಶಸ್ತ್ರಾಗಾರಗಳು ಲೂಟಿಯಾಗಿದ್ದರಿಂದ ಬಂದೂಕಿಗೆ ಬರವಿರಲಿಲ್ಲ. ಶಾಲೆ ಮುಚ್ಚಿತ್ತು, ದುಡಿಮೆ ಇರಲಿಲ್ಲ. ಹನ್ನೆರಡು ಹದಿಮೂರರ ಹುಡುಗನಿಗೆ ಊಟ, ಜಗಿಯಲು ಖಾತ್ ಸೊಪ್ಪು, ಬೀದಿಯಲ್ಲೊಂದು ಭಯಮಿಶ್ರಿತ ಗೌರವ ಇಷ್ಟನ್ನೂ ಒಟ್ಟಿಗೆ ಕೊಡುವ ಜಾಗವೆಂದರೆ ಯಾವುದಾದರೊಂದು ಬಣದ ಪಿಕಪ್ ವಾಹನದ ಹಿಂಬದಿಯೇ ಆಗಿತ್ತು. ಮೆಷಿನ್‌ಗನ್ ಜೋಡಿಸಿದ ಇಂಥ ವಾಹನಗಳಿಗೆ ‘ಟೆಕ್ನಿಕಲ್’ ಎಂಬ ಹೆಸರೇ ಅಂಟಿಕೊಂಡಿತ್ತು. 1992ರ ಕ್ಷಾಮ, ವಿಶ್ವಸಂಸ್ಥೆಯ ಪಡೆಗಳ ಆಗಮನ, 1993ರ ಅಕ್ಟೋಬರಿನಲ್ಲಿ ಅಮೆರಿಕದ ಹೆಲಿಕಾಪ್ಟರುಗಳು ಉರುಳಿದ ಕದನ, 1995ರಲ್ಲಿ ವಿಶ್ವಸಂಸ್ಥೆಯ ನಿರ್ಗಮನ: ಹೊರಜಗತ್ತಿಗೆ ನೆನಪಿರುವುದು ಇಷ್ಟು. ಈ ಎಲ್ಲದರ ನಡುವೆ ಗ್ಯಾರೇಜು ನಡೆಸುತ್ತಿದ್ದ ಒಬ್ಬ ಉದ್ಯಮಿಯ ಕೆಲಸ ಆ ಕಾಲದ ಸುದ್ದಿಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲ.

ಸಂಸ್ಥಾಪಕ

ಎಲ್ಮನ್ ಅಲಿ ಅಹ್ಮದ್ ಯಂತ್ರ, ವಿದ್ಯುತ್ತಿನ ಕೆಲಸ ಬಲ್ಲ ವ್ಯಾಪಾರಿ. ಬೀದಿಯ ಹುಡುಗರನ್ನು ತನ್ನ ಕಾರ್ಯಾಗಾರಕ್ಕೆ ಕರೆದು ಎಂಜಿನ್ ಬಿಚ್ಚುವುದು, ವೈರಿಂಗ್, ವೆಲ್ಡಿಂಗ್ ಕಲಿಸಿದರು. ‘ಬಂದೂಕು ಕೆಳಗಿಡು, ಪೆನ್ನು ಹಿಡಿ’ ಎಂಬುದು ಅವರು ಊರೆಲ್ಲ ಹರಡಿದ ಘೋಷಣೆ. ಘೋಷಣೆಗಿಂತ ಹೆಚ್ಚಿನ ಕೆಲಸ ಮಾಡಿದ್ದು ಅದರ ಹಿಂದಿದ್ದ ಲೆಕ್ಕಾಚಾರ ಎನ್ನಬೇಕು. ಬಂದೂಕು ಆ ಹುಡುಗನ ಅನ್ನದ ದಾರಿ. ಬದಲಿಗೆ ಇನ್ನೊಂದು ಅನ್ನದ ದಾರಿ ತೋರಿಸದೆ ಅದನ್ನು ಕೆಳಗಿಡಿಸಲಾಗದು. ಶಾಂತಿಯ ಬಗ್ಗೆ ಉಪದೇಶ ಮಾಡುವವರಿಗೆ ಸಾಮಾನ್ಯವಾಗಿ ತಡವಾಗಿ ಹೊಳೆಯುವ ಈ ಮಾತು ಗ್ಯಾರೇಜಿನ ಮನುಷ್ಯನಿಗೆ ಮೊದಲ ದಿನವೇ ಗೊತ್ತಿತ್ತು.

ಅವರ ಹೆಸರಿನ ಫುಟ್ಬಾಲ್ ತಂಡ ಎಲ್ಮನ್ ಎಫ್‌ಸಿ 1993ರಲ್ಲಿ ಹುಟ್ಟಿತು. ಮುಂದೆ ಅದು ಸೊಮಾಲಿ ಲೀಗನ್ನು ಹಲವು ಬಾರಿ ಗೆದ್ದು ದೇಶದ ಪ್ರಮುಖ ತಂಡಗಳಲ್ಲೊಂದಾಯಿತು. ಸಂಸ್ಥೆಗೆ ಬಂದ ಮನ್ನಣೆಯ ಪಟ್ಟಿಯನ್ನು ಸಾಮಾನ್ಯವಾಗಿ ವಾಷಿಂಗ್ಟನ್ನಿನಿಂದಲೋ ಸ್ಟಾಕ್‌ಹೋಮಿನಿಂದಲೋ ಆರಂಭಿಸುತ್ತಾರೆ. ಊರಿನ ಲೀಗಿನಲ್ಲಿ ಗೆದ್ದ ಬಟ್ಟಲನ್ನು ಆ ಪಟ್ಟಿಯ ಮೊದಲಿಗೆ ಸೇರಿಸುವುದು ಹೆಚ್ಚು ನ್ಯಾಯ. ಯಾವ ಬಣದವನಿಗೆ ಯಾವ ಬೀದಿ ಎಂದು ಗೆರೆ ಎಳೆದಿದ್ದ ನಗರದಲ್ಲಿ ಒಂದು ತಂಡದ ಹೆಸರನ್ನು ಗೆರೆಯ ಎರಡೂ ಬದಿಯವರು ಕೂಗುವಂತಾಗುವುದು ಸಣ್ಣ ಸಂಗತಿಯೇನಲ್ಲ.

ಬಣದ ನಾಯಕರಿಗೆ ಇದು ಸಹ್ಯವಾಗಲು ಸಾಧ್ಯವಿರಲಿಲ್ಲ. ಪ್ರತಿ ಕಲಿಕೆಗಾರನೂ ಅವರ ಪಡೆಯಿಂದ ಕಳಚಿಕೊಂಡ ಒಬ್ಬ ಸಿಪಾಯಿ. 1996ರ ಮಾರ್ಚ್ 9ರಂದು ಎಲ್ಮನ್ ಅವರನ್ನು ಮೊಗದಿಶುವಿನಲ್ಲಿ ಗುಂಡಿಟ್ಟು ಕೊಂದರು. ‘ಸೊಮಾಲಿ ಶಾಂತಿಯ ಪಿತಾಮಹ’ ಎಂಬ ಬಿರುದು ಇಂದಿಗೂ ಅವರ ಹೆಸರಿನೊಂದಿಗೆ ಕೂಡಿಕೊಂಡಿದೆ.

ಪತ್ನಿ ಫರ್ತೂನ್ ಅದಾನ್ ಕೆಲಕಾಲ ಸಂಸ್ಥೆಯನ್ನು ನಡೆಸಿ, 1999ರಲ್ಲಿ ಹೆಣ್ಣುಮಕ್ಕಳೊಂದಿಗೆ ಕೆನಡಾ ಸೇರಿದರು. ಮಕ್ಕಳು ಅಲ್ಲಿ ಬೆಳೆದರು.

ಮರಳಿ ಮೊಗದಿಶುವಿಗೆ

ಫರ್ತೂನ್ 2007ರ ಹೊತ್ತಿಗೆ ಹಿಂದಿರುಗಿದಾಗ ನಗರದ ಸ್ಥಿತಿ ಅವರು ಬಿಟ್ಟುಹೋದುದಕ್ಕಿಂತ ಉತ್ತಮವಾಗಿರಲಿಲ್ಲ. ನಗರವನ್ನು ಹಿಡಿದಿದ್ದ ಇಸ್ಲಾಮಿಕ್ ನ್ಯಾಯಾಲಯಗಳ ಒಕ್ಕೂಟವನ್ನು 2006ರ ಕೊನೆಯಲ್ಲಿ ಇಥಿಯೋಪಿಯದ ಸೈನ್ಯ ಹೊರಗಟ್ಟಿತ್ತು. ಅದರ ಒಡಲಿನಿಂದಲೇ ಬಲಿತ ಉಗ್ರಗಾಮಿ ಬಣ ಅಲ್-ಶಬಾಬ್ ಮುಂದೆ ನಗರದ ಬಹುಭಾಗವನ್ನು ಹಿಡಿಯಿತು. ಮಗಳು ಇಲ್ವಾದ್ 2010ರಲ್ಲಿ ತಾಯಿಯನ್ನು ಕೂಡಿಕೊಂಡಾಗ ಅವರಿಗೆ ವಯಸ್ಸು ಇಪ್ಪತ್ತು. ಅಲ್-ಶಬಾಬ್ ಮೊಗದಿಶುವಿನ ನೆಲೆಗಳನ್ನು ತೆರವು ಮಾಡಿದ್ದು ಮರುವರ್ಷ ಆಗಸ್ಟಿನಲ್ಲಿ. ಇನ್ನೊಬ್ಬ ಮಗಳು ಇಮಾನ್ ಹಿಡಿದ ದಾರಿ ಬೇರೆ: ಸೊಮಾಲಿ ರಾಷ್ಟ್ರೀಯ ಸೇನೆ ಸೇರಿ ಅಧಿಕಾರಿಯಾದರು. ಬಂದೂಕು ಕೆಳಗಿಡಿಸುವ ಮನೆಯಿಂದ ಸಮವಸ್ತ್ರ ತೊಟ್ಟ ಮಗಳು ಹೊರಟದ್ದನ್ನು ವಿರೋಧಾಭಾಸವೆಂದು ಬರೆದವರಿದ್ದಾರೆ. ಸರ್ಕಾರವೇ ಇಲ್ಲದ ಎರಡು ದಶಕ ಕಂಡವರಿಗೆ ಅದು ಹಾಗೆ ಕಾಣದಿದ್ದರೆ ಅಚ್ಚರಿಯಿಲ್ಲ.

2011 ಮತ್ತೆ ಕ್ಷಾಮದ ವರ್ಷ. ಆ ಜುಲೈನಲ್ಲಿ ವಿಶ್ವಸಂಸ್ಥೆ ಅಧಿಕೃತವಾಗಿ ಕ್ಷಾಮ ಘೋಷಿಸಿತು. ಹಳ್ಳಿಗಾಡಿನಿಂದ ಗುಳೆ ಬಂದ ಕುಟುಂಬಗಳು ನಗರದ ಪಾಳುಗಟ್ಟಡಗಳ ನಡುವೆ, ಕಡ್ಡಿ ಬಗ್ಗಿಸಿ ಬಟ್ಟೆ ಹೊದಿಸಿದ ಗುಡಿಸಲುಗಳಲ್ಲಿ ನೆಲೆಸಿದವು. ಬಾಗಿಲಿಲ್ಲದ ಆ ಗುಡಿಸಲುಗಳಲ್ಲಿ, ನೀರಿಗೋ ಸೌದೆಗೋ ಹೋಗುವ ದಾರಿಯಲ್ಲಿ ಅತ್ಯಾಚಾರ ದಿನನಿತ್ಯದ ಸುದ್ದಿಯಾಯಿತು. ತಾಯಿಮಗಳು ‘ಸಿಸ್ಟರ್ ಸೊಮಾಲಿಯ’ ಎಂಬ ಕೇಂದ್ರ ತೆರೆದದ್ದು ಈ ಹೊತ್ತಿನಲ್ಲಿ. ಅತ್ಯಾಚಾರ ಸಂತ್ರಸ್ತರಿಗೆಂದೇ ದೇಶದಲ್ಲಿ ತೆರೆದ ಮೊದಲ ಕೇಂದ್ರ ಇದು: ವೈದ್ಯಕೀಯ ನೆರವು, ಆಪ್ತಸಮಾಲೋಚನೆ, ಉಳಿಯಲು ಸುರಕ್ಷಿತ ಮನೆ. ಅತ್ಯಾಚಾರ ನಡೆಯುತ್ತಿದೆ ಎಂದು ಬಾಯಿಬಿಟ್ಟು ಹೇಳುವುದೇ ಅಪರಾಧವೆಂದು ಎಣಿಸುತ್ತಿದ್ದ ಅಧಿಕಾರಿಗಳ ನಡುವೆ ಇದನ್ನು ನಡೆಸಬೇಕಿತ್ತು.

ಬಾಲಸೈನಿಕರ ಪುನರ್ವಸತಿ

ಸೊಮಾಲಿಯದ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟು ಜನ ಹದಿನೆಂಟರ ಒಳಗಿನವರು. ಮಕ್ಕಳನ್ನು ಪಡೆಗೆ ಸೇರಿಸಿಕೊಳ್ಳುವುದರಲ್ಲಿ ಅಲ್-ಶಬಾಬ್ ಮುಂದು ಎಂದು ವಿಶ್ವಸಂಸ್ಥೆಯ ವರದಿಗಳು ವರ್ಷವರ್ಷವೂ ಹೇಳುತ್ತ ಬಂದಿವೆ. ಸರ್ಕಾರಿ ಪಡೆಗಳ ಹೆಸರೂ ಆ ವರದಿಗಳಲ್ಲಿ ಬಿಟ್ಟುಹೋಗಿಲ್ಲ. ಈ ಚಾಳಿಯನ್ನು ನಿಲ್ಲಿಸುವ ಕಾರ್ಯಯೋಜನೆಗೆ ಸರ್ಕಾರ 2012ರ ಜುಲೈನಲ್ಲಿ ಸಹಿ ಹಾಕಿತು. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ದೇಶ ಅನುಮೋದಿಸಿದ್ದು 2015ರಲ್ಲಿ, ಜಗತ್ತಿನಲ್ಲೇ ಕಟ್ಟಕಡೆಯವರ ಸಾಲಿನಲ್ಲಿ. ಅದಾದ ಮೇಲೆ ಹೊರಗುಳಿದದ್ದು ಅಮೆರಿಕ ಸಂಯುಕ್ತ ಸಂಸ್ಥಾನ ಮಾತ್ರ.

ಬಣದಿಂದ ತಪ್ಪಿಸಿಕೊಂಡ, ಸೆರೆಸಿಕ್ಕ ಅಥವಾ ತಾನಾಗಿ ಶರಣಾದ ಹುಡುಗನನ್ನು ಅಪರಾಧಿಯೆಂದು ಜೈಲಿಗೆ ಹಾಕಬೇಕೋ, ಸಂತ್ರಸ್ತನೆಂದು ಕಾಣಬೇಕೋ ಎಂಬುದು ಇಲ್ಲಿನ ನಿಜವಾದ ಜಗಳ. ಎಲ್ಮನ್ ಕೇಂದ್ರದ ನಿಲುವು ಎರಡನೆಯದು. ಯುನಿಸೆಫ್ ನೆರವಿನಿಂದ ನಡೆದ ಅದರ ಪುನರ್ವಸತಿ ಕಾರ್ಯಕ್ರಮದಲ್ಲಿ ಹುಡುಗರಿಗೆ ಓದುಬರಹ, ಕೈಕಸುಬು, ಮನಸ್ಸಿನ ಗಾಯಕ್ಕೆ ಆರೈಕೆ ಒಟ್ಟೊಟ್ಟಿಗೆ ಸಿಗುತ್ತವೆ. ಕಸುಬಿನ ಪಾಠ ಸಂಸ್ಥಾಪಕರು ಹಾಕಿಕೊಟ್ಟ ಪರಂಪರೆ. ಮನಸ್ಸಿನ ಆರೈಕೆ ಮುಂದಿನ ತಲೆಮಾರು ಸೇರಿಸಿದ್ದು. ಅದರ ಒಂದು ರೂಪವಾದ ‘ಸಾಗರ ಚಿಕಿತ್ಸೆ’ ಹೆಚ್ಚು ಗಮನ ಸೆಳೆದಿದೆ. ಯುದ್ಧದ ಆಘಾತಕ್ಕೆ ಒಳಗಾದವರನ್ನು ಹಿಂದೂ ಮಹಾಸಾಗರದ ದಂಡೆಗೆ ಕರೆದೊಯ್ದು, ಉಸಿರಾಟದ ಅಭ್ಯಾಸ, ಈಜು, ಅಲೆಯ ಮೇಲಿನ ಆಟಗಳ ಮೂಲಕ ಮೈಯ ಬಿಗಿತ ಸಡಿಲಿಸುವ ಕ್ರಮ ಇದು. ದಂಡೆಯ ಮೇಲೇ ಹುಟ್ಟಿಬೆಳೆದರೂ ಗುಂಡಿನ ಭಯಕ್ಕೆ ನೀರಿಗಿಳಿಯದ ಮಕ್ಕಳಿದ್ದ ಊರು ಅದು. ಮನೋವೈದ್ಯರು ಬೆರಳೆಣಿಕೆಯಷ್ಟೂ ಇಲ್ಲದ ನಾಡಿನಲ್ಲಿ ಎದುರಿಗಿದ್ದ ಸಮುದ್ರವನ್ನೇ ಬಳಸಿಕೊಂಡದ್ದು ಜಾಣತನವೇ ಸರಿ.

ಪುನರ್ವಸತಿಯ ಕಷ್ಟ ತರಬೇತಿ ಮುಗಿದ ಮೇಲೆ ಶುರುವಾಗುತ್ತದೆ. ಬಣ ಬಿಟ್ಟವನನ್ನು ಬಣ ದ್ರೋಹಿ ಎನ್ನುತ್ತದೆ, ಊರು ಅನುಮಾನದಿಂದ ನೋಡುತ್ತದೆ, ಪೊಲೀಸರಿಗೆ ಅವನ ಹೆಸರು ಗೊತ್ತಿರುತ್ತದೆ. ವೆಲ್ಡಿಂಗ್ ಕಲಿತ ಹುಡುಗನಿಗೆ ವೆಲ್ಡಿಂಗ್ ಅಂಗಡಿಯವನು ಕೆಲಸ ಕೊಡಬೇಕು, ಅಷ್ಟೇ. ಆ ‘ಅಷ್ಟೇ’ಯೇ ಎಲ್ಲಕ್ಕಿಂತ ದೊಡ್ಡದು. ಹೀಗಾಗಿ ಕುಟುಂಬ, ಊರ ಹಿರಿಯರ ಜೊತೆ ಮಾತುಕತೆ ತರಬೇತಿಯಷ್ಟೇ ಮುಖ್ಯ ಭಾಗವಾಗಿ ನಡೆಯಬೇಕಾಗುತ್ತದೆ.

ಮನ್ನಣೆ

ಮೊದಲ ದೊಡ್ಡ ಮನ್ನಣೆ ಬಂದದ್ದು 2013ರ ಮಾರ್ಚ್ 8ರಂದು. ಅಮೆರಿಕದ ವಿದೇಶಾಂಗ ಇಲಾಖೆ ಕೊಡುವ ‘ಅಂತರರಾಷ್ಟ್ರೀಯ ಧೈರ್ಯವಂತ ಮಹಿಳೆ’ ಪ್ರಶಸ್ತಿಯ ಆ ವರ್ಷದ ಪಟ್ಟಿಯಲ್ಲಿ ಫರ್ತೂನ್ ಅದಾನ್ ಇದ್ದರು. ಭಾರತದ ಓದುಗರಿಗೆ ಆ ಪಟ್ಟಿ ಇನ್ನೊಂದು ಕಾರಣಕ್ಕೆ ನೆನಪಿರಬಹುದು: ದೆಹಲಿಯ ‘ನಿರ್ಭಯಾ’ಗೆ ಮರಣೋತ್ತರವಾಗಿ ಅದೇ ಪ್ರಶಸ್ತಿ ಸಂದದ್ದು ಅದೇ ಸಮಾರಂಭದಲ್ಲಿ.

ಇದರ ನಂತರ ಮನ್ನಣೆಯ ಸ್ವರೂಪ ಬದಲಾಯಿತು. ಶಾಲು, ಫಲಕಗಳ ಜಾಗದಲ್ಲಿ ಕುರ್ಚಿಗಳು ಬರತೊಡಗಿದವು. 2015ರ ಜನವರಿಯಲ್ಲಿ ಯುದ್ಧವಲಯದ ನಾಗರಿಕರ ರಕ್ಷಣೆ ಕುರಿತು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಚರ್ಚಿಸಿದಾಗ ಇಲ್ವಾದ್ ಎಲ್ಮನ್ ಸ್ವಯಂಸೇವಾ ಸಂಸ್ಥೆಗಳ ಪರವಾಗಿ ಮಾತನಾಡಿದರು. ಅದೇ ವರ್ಷ ಡಿಸೆಂಬರ್ 9ರಂದು, ಜೋರ್ಡಾನ್ ಮುಂದಿಟ್ಟ 2250ನೇ ನಿರ್ಣಯವನ್ನು ಮಂಡಳಿ ಅಂಗೀಕರಿಸಿತು. ಯುವಜನ, ಶಾಂತಿ, ಭದ್ರತೆ ಮೂರನ್ನೂ ಒಟ್ಟಿಗೆ ನೋಡಿದ ಮೊದಲ ನಿರ್ಣಯ ಅದು. 18ರಿಂದ 29ರ ವಯಸ್ಸಿನವರನ್ನು ‘ಯುವಜನ’ ಎಂದು ಗುರುತಿಸಿ, ಪಾಲ್ಗೊಳ್ಳುವಿಕೆ, ರಕ್ಷಣೆ, ತಡೆ, ಸಹಭಾಗಿತ್ವ, ಬಣಗಳಿಂದ ಬಿಡುಗಡೆ ಮತ್ತು ಮರುಸೇರ್ಪಡೆ ಎಂಬ ಐದು ಅಂಶಗಳನ್ನು ಅದು ಹೇಳಿತು. ಐದನೆಯದು ಮೊಗದಿಶುವಿನ ಕಾರ್ಯಾಗಾರದಲ್ಲಿ ಇಪ್ಪತ್ತೈದು ವರ್ಷಗಳಿಂದ ನಡೆಯುತ್ತಿದ್ದ ಕೆಲಸವೇ. ಅಲ್ಲಿಯವರೆಗೆ ಅಂತರರಾಷ್ಟ್ರೀಯ ದಾಖಲೆಗಳಲ್ಲಿ ಯುವಕನೆಂದರೆ ಒಂದೋ ಗುಂಡು ಹಾರಿಸುವವನು, ಇಲ್ಲವೇ ಗುಂಡಿಗೆ ಸಿಕ್ಕವನು. ಅವನು ಶಾಂತಿ ಕಟ್ಟುವವನೂ ಆಗಬಹುದೆಂಬ ಮಾತಿಗೆ ಮಂಡಳಿಯ ಮುದ್ರೆ ಬಿತ್ತು. ಕೋಫಿ ಅನ್ನಾನ್ ಪ್ರತಿಷ್ಠಾನ ಉಗ್ರವಾದದ ವಿರುದ್ಧ ಕೆಲಸ ಮಾಡಲು ಆರಿಸಿದ ಹತ್ತು ಯುವ ನಾಯಕರಲ್ಲಿಯೂ ಇಲ್ವಾದ್ ಒಬ್ಬರಾದರು.

2019ರಲ್ಲಿ ಅವರ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಯ ಸುದ್ದಿಗಳಲ್ಲಿ ಓಡಾಡಿತು. ಇಲ್ಲೊಂದು ಸ್ಪಷ್ಟನೆ ಅಗತ್ಯ. ನೊಬೆಲ್ ಸಮಿತಿ ನಾಮನಿರ್ದೇಶಿತರ ಹೆಸರನ್ನು 50 ವರ್ಷ ಗುಟ್ಟಾಗಿಡುತ್ತದೆ. ಪತ್ರಿಕೆಗಳು ‘ಅಂತಿಮ ಪಟ್ಟಿ’ ಎಂದು ಬರೆದದ್ದು ಆಸ್ಲೊ ಶಾಂತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರು ಪ್ರತಿವರ್ಷ ತಮ್ಮ ಅಂದಾಜಿನ ಮೇಲೆ ಪ್ರಕಟಿಸುವ ಪಟ್ಟಿ; ಸಮಿತಿಗೂ ಅದಕ್ಕೂ ಸಂಬಂಧವಿಲ್ಲ. ಆ ವರ್ಷದ ಪ್ರಶಸ್ತಿ ಪಕ್ಕದ ಇಥಿಯೋಪಿಯದ ಪ್ರಧಾನಿ ಅಬಿಯ್ ಅಹ್ಮದ್ ಅವರಿಗೆ ಹೋಯಿತು. ಮರುವರ್ಷವೇ ಟಿಗ್ರೆಯಲ್ಲಿ ಅವರ ಸೈನ್ಯ ಯುದ್ಧಕ್ಕಿಳಿಯಿತೆಂಬುದನ್ನು ನೆನೆದರೆ, ಶಾಂತಿ ಪ್ರಶಸ್ತಿಗಳ ಭವಿಷ್ಯಜ್ಞಾನದ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು.

ಅದೇ 2019ರ ನವೆಂಬರ್ 20ರಂದು ಅಲ್ಮಾಸ್ ಎಲ್ಮನ್ ತೀರಿಕೊಂಡರು. ತಂದೆಯ ಸಂಸ್ಥೆಯ ಕೆಲಸಕ್ಕೆ ಕೆನಡಾದಿಂದ ಮರಳಿದ್ದ ಇನ್ನೊಬ್ಬ ಮಗಳು ಈಕೆ. ಮೊಗದಿಶು ವಿಮಾನ ನಿಲ್ದಾಣದ ಬಿಗಿ ಪಹರೆಯ ಆವರಣದೊಳಗೆ, ರಾಯಭಾರ ಕಚೇರಿಗಳೂ ವಿಶ್ವಸಂಸ್ಥೆಯ ನೆಲೆಯೂ ಇರುವ ಜಾಗದಲ್ಲಿ, ಕಾರಿನಲ್ಲಿ ಕುಳಿತಿದ್ದಾಗ ಗುಂಡು ತಗುಲಿತು. ಎಲ್ಲಿಂದಲೋ ಬಂದ ಗುಂಡು ಎಂದು ಅಧಿಕಾರಿಗಳು ಹೇಳಿದರು.

ಅರೋರಾ ಪ್ರಶಸ್ತಿ ಮರುವರ್ಷ ಬಂತು. ಅರ್ಮೇನಿಯನ್ ನರಮೇಧದಲ್ಲಿ ಬದುಕುಳಿದವರ ಪರವಾಗಿ, ಅವರನ್ನು ಉಳಿಸಿದವರ ಋಣ ತೀರಿಸಲೆಂದು 2016ರಿಂದ ಕೊಡುತ್ತಿರುವ ಈ ಪ್ರಶಸ್ತಿಯ ಮೊತ್ತ ಹತ್ತು ಲಕ್ಷ ಡಾಲರ್. ಪಡೆದವರು ಅದನ್ನು ತಾವು ಆರಿಸಿದ ಮಾನವೀಯ ಸಂಸ್ಥೆಗಳಿಗೆ ದಾಟಿಸಬೇಕೆಂಬುದು ಅದರ ವಿಶೇಷ ನಿಯಮ. 2022ರ ರೈಟ್ ಲೈವ್ಲಿಹುಡ್ ಪ್ರಶಸ್ತಿಯನ್ನು ತಾಯಿಮಗಳು ಉಕ್ರೇನ್, ವೆನೆಜುವೆಲ, ಉಗಾಂಡಗಳ ಪುರಸ್ಕೃತರೊಂದಿಗೆ ಹಂಚಿಕೊಂಡರು. ಉಕ್ರೇನಿನ ನಾಗರಿಕ ಸ್ವಾತಂತ್ರ್ಯ ಕೇಂದ್ರಕ್ಕೆ ಅದೇ ಶರತ್ಕಾಲದಲ್ಲಿ ನಿಜವಾದ ನೊಬೆಲ್ಲೂ ಬಂತು. ಅಂಚೆಚೀಟಿಗಳ ಸಂಗ್ರಹ ಮಾರಿದ ಹಣದಿಂದ ಯಾಕೋಬ್ ಫಾನ್ ಯುಕ್ಸ್‌ಕುಲ್ 1980ರಲ್ಲಿ ಸ್ಥಾಪಿಸಿದ ಈ ಪ್ರಶಸ್ತಿ ಕನ್ನಡಿಗರಿಗೆ ಅಪರಿಚಿತವಲ್ಲ: ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರಿಗೆ 1994ರಲ್ಲಿ ಇದು ಸಂದಿತ್ತು. ಪುರಸ್ಕೃತರು ಅಪಾಯದಲ್ಲಿದ್ದಾಗ ಪರವಾಗಿ ನಿಲ್ಲುವ ವ್ಯವಸ್ಥೆಯನ್ನೂ ಪ್ರಶಸ್ತಿಯ ಪ್ರತಿಷ್ಠಾನ ಇಟ್ಟುಕೊಂಡಿದೆ. ಎಲ್ಮನ್ ಕುಟುಂಬದಂಥವರಿಗೆ ಹಣಕ್ಕಿಂತ ಇದರ ಬೆಲೆ ಹೆಚ್ಚಿರಬೇಕು.

ಇತರ ನಿದರ್ಶನಗಳು

ಮನ್ನಣೆ ಯಾರ ಹೆಸರಿಗೆ ಬರುತ್ತದೆ ಎಂಬುದರಲ್ಲಿ ಇಂಥ ಸಂಸ್ಥೆಗಳ ಅನುಭವ ಒಂದೇ ತೆರನಲ್ಲ. ಉತ್ತರ ಐರ್ಲೆಂಡಿನ ಕೊರಿಮೀಲ ಸಮುದಾಯಕ್ಕೆ 1997ರಲ್ಲಿ ಜಪಾನಿನ ನಿವಾನೊ ಶಾಂತಿ ಪ್ರಶಸ್ತಿ ಬಂದಾಗ ಅದು ಸಮುದಾಯದ ಹೆಸರಿಗೇ ಬಂತು. ಎರಡನೇ ಮಹಾಯುದ್ಧದಲ್ಲಿ ಸೆರೆಯಾಳಾಗಿ ಡ್ರೆಸ್ಡೆನ್ ನಗರದ ಸುಡುವಿಕೆಯನ್ನು ಕಂಡ ಪಾದ್ರಿ ರೇ ಡೇವಿ, ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೊಂದಿಗೆ 1965ರಲ್ಲಿ ಇದನ್ನು ಕಟ್ಟಿದರು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಶಾಲೆಗಳ ಮಕ್ಕಳನ್ನು ಬ್ಯಾಲಿಕಾಸಲ್ ಬಳಿಯ ಕಡಲತಡಿಯ ಮನೆಯಲ್ಲಿ ಒಟ್ಟಿಗೆ ಇರಿಸುವುದು ಅದರ ಮುಖ್ಯ ಕೆಲಸ. ಬೆಲ್‌ಫಾಸ್ಟಿನಲ್ಲಿ ಹಿಂಸೆ ಭುಗಿಲೇಳುವ ನಾಲ್ಕು ವರ್ಷ ಮೊದಲೇ ಶುರುವಾಗಿದ್ದದ್ದು ಅದರ ಭಾಗ್ಯ.

ಕೊಲಂಬಿಯದ ಕತೆ ಇನ್ನೂ ಸ್ವಾರಸ್ಯದ್ದು. ಅಲ್ಲಿ 1996ರ ಅಕ್ಟೋಬರಿನಲ್ಲಿ ಮಕ್ಕಳಿಗಾಗಿಯೇ ಒಂದು ಮತದಾನ ನಡೆಯಿತು. ತಮಗೆ ಯಾವ ಹಕ್ಕು ಎಲ್ಲಕ್ಕಿಂತ ಮುಖ್ಯವೆಂದು ಗುರುತಿಸುವ ಮತಪತ್ರ. ಸುಮಾರು 27 ಲಕ್ಷ ಮಕ್ಕಳು ಮತ ಹಾಕಿದರು. ಬದುಕುವ ಹಕ್ಕು, ಶಾಂತಿಯ ಹಕ್ಕುಗಳಿಗೆ ಹೆಚ್ಚು ಮತ ಬಿತ್ತು. ಮರುವರ್ಷ ದೊಡ್ಡವರ ಮತಪೆಟ್ಟಿಗೆಯಲ್ಲಿ ಶಾಂತಿಯ ಪರವಾಗಿ ಸುಮಾರು ಒಂದು ಕೋಟಿ ಮತ ಬಿದ್ದದ್ದಕ್ಕೆ ಮಕ್ಕಳು ಹಾಕಿದ ಈ ಮೇಲ್ಪಂಕ್ತಿಯೂ ಕಾರಣ. ಮಕ್ಕಳ ಶಾಂತಿ ಚಳವಳಿಯ ಹೆಸರು 1998ರ ನೊಬೆಲ್‌ಗೆ ಸೂಚಿತವಾಯಿತು. ಪ್ರಶಸ್ತಿ ಹೋದದ್ದು ಉತ್ತರ ಐರ್ಲೆಂಡಿನ ಜಾನ್ ಹ್ಯೂಮ್ ಮತ್ತು ಡೇವಿಡ್ ಟ್ರಿಂಬಲ್ ಅವರಿಗೆ. ಒಬ್ಬ ನಾಯಕನಿಲ್ಲದ, ಮುಂದಾಳುಗಳೆಲ್ಲ ಶಾಲಾಮಕ್ಕಳೇ ಆಗಿದ್ದ ಚಳವಳಿಗೆ ಪದಕ ತೊಡಿಸುವುದು ಹೇಗೆಂಬ ಪ್ರಶ್ನೆಯೂ ಇದ್ದಿರಬೇಕು.

ಇಸ್ರೇಲಿ ಮತ್ತು ಪ್ಯಾಲೆಸ್ಟೈನ್ ಹದಿಹರೆಯದವರನ್ನು ಅಮೆರಿಕದ ಮೇನ್ ರಾಜ್ಯದ ಶಿಬಿರಕ್ಕೆ 1993ರಿಂದ ಕರೆಯುತ್ತ ಬಂದ ‘ಸೀಡ್ಸ್ ಆಫ್ ಪೀಸ್’ನ ಮೊದಲ ತಂಡ, ಆ ವರ್ಷದ ಸೆಪ್ಟೆಂಬರಿನಲ್ಲಿ ಶ್ವೇತಭವನದ ಅಂಗಳದಲ್ಲಿ ನಡೆದ ಇಸ್ರೇಲ್–ಪ್ಯಾಲೆಸ್ಟೈನ್ ಒಪ್ಪಂದದ ಸಮಾರಂಭಕ್ಕೆ ಅತಿಥಿಯಾಗಿ ಹೋಗಿತ್ತು. 2000ದ ಅಕ್ಟೋಬರಿನಲ್ಲಿ ಆ ಶಿಬಿರದ ಹದಿನೇಳರ ಹುಡುಗನೊಬ್ಬ ಇಸ್ರೇಲಿ ಪೊಲೀಸರ ಗುಂಡಿಗೆ ಬಲಿಯಾದಾಗ ಅವನ ಮೈಮೇಲಿದ್ದದ್ದು ಶಿಬಿರದ ಹಸಿರು ಟೀ ಶರ್ಟು.

ನಮ್ಮ ದೇಶದಲ್ಲಿ ಈ ಸಾಲಿಗೆ ನಿಲ್ಲುವ ಹೆಸರು ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಅವರದು (1929–2021). ಬಾಲಕನಾಗಿಯೇ ಕ್ವಿಟ್ ಇಂಡಿಯಾ ಚಳವಳಿಗಿಳಿದ ಅವರು ಮುಂದೆ ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿದರು. 1972ರ ಏಪ್ರಿಲ್‌ನಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ಡಕಾಯಿತರು ಶಸ್ತ್ರ ಒಪ್ಪಿಸಿದ್ದು ಈ ಜೌರಾದಲ್ಲೇ. ಅವರ ರಾಷ್ಟ್ರೀಯ ಯುವ ಯೋಜನೆ ಬೇರೆ ಬೇರೆ ರಾಜ್ಯ, ಭಾಷೆಗಳ ಹುಡುಗ ಹುಡುಗಿಯರನ್ನು ಶ್ರಮದಾನ, ಹಾಡುಗಳ ಶಿಬಿರಗಳಲ್ಲಿ ಒಟ್ಟುಗೂಡಿಸಿತು. ಖಾದಿಯ ಚಡ್ಡಿ, ಅರ್ಧತೋಳಿನ ಅಂಗಿ ತೊಟ್ಟು, ಎಲ್ಲರಿಂದ ‘ಭಾಯಿಜಿ’ ಎನಿಸಿಕೊಂಡು ದೇಶವಿಡೀ ತಿರುಗಿದ ಅವರಿಗೆ 2006ರಲ್ಲಿ ಜಮ್ನಾಲಾಲ್ ಬಜಾಜ್ ಪ್ರಶಸ್ತಿ ಬಂತು. ಅವರು ಕಟ್ಟಿದ ಸಂಘಟನೆಯ ಹೆಸರು ಉತ್ತರದ ರಾಜ್ಯಗಳಲ್ಲಿ ಚಿರಪರಿಚಿತ; ಹುಟ್ಟೂರಿನಲ್ಲಿ ಅಷ್ಟಿಲ್ಲ.

ವಿಮರ್ಶೆ

ಎಲ್ಮನ್ ಕೇಂದ್ರದ ಮನ್ನಣೆಯಲ್ಲಿ ಕುಟುಂಬದ ಕತೆಯ ಪಾಲು ದೊಡ್ಡದು. ತಂದೆಯ ಹತ್ಯೆ, ತಾಯಿಯ ಮರಳುವಿಕೆ, ಮಗಳ ಭಾಷಣ: ಪ್ರಶಸ್ತಿ ಸಮಿತಿಗೆ ಇದು ಹಿಡಿಯುವಂಥ ಕತೆ. ಕೆನಡಾದಲ್ಲಿ ಬೆಳೆದು ಇಂಗ್ಲಿಷನ್ನು ಸಲೀಸಾಗಿ ಆಡುವ ಮಗಳು ನ್ಯೂಯಾರ್ಕಿನ ಸಭೆಯಲ್ಲಿ ನಿಂತು ಮಾತಾಡಬಲ್ಲರೆಂಬುದೂ ಅನುಕೂಲಕ್ಕೆ ಬಂತು. ಸೊಮಾಲಿಯದ ಒಳನಾಡಿನಲ್ಲಿ ಬಣಗಳ ಜಗಳ ಬಿಡಿಸುವ ಹಿರಿಯರಿಗೂ ಹೆಂಗಸರ ಗುಂಪುಗಳಿಗೂ ಈ ಅನುಕೂಲವಿಲ್ಲ. ಇದನ್ನು ಆ ತಾಯಿಮಗಳ ದೋಷವೆನ್ನುವುದು ಅನ್ಯಾಯ. ಪ್ರಶಸ್ತಿಗಳು ಹುಡುಕುವ ರೀತಿಯ ದೋಷವೆನ್ನಬಹುದು.

ಕಾವಲಾಗಿ ಮನ್ನಣೆ ಎಷ್ಟು ಗಟ್ಟಿ ಎಂಬುದಕ್ಕೆ ಉತ್ತರ ಮಿಶ್ರವಾದುದು. ಊರೆಲ್ಲ ಬಲ್ಲ ಹೆಸರಾಗಿದ್ದೂ ಎಲ್ಮನ್ ಉಳಿಯಲಿಲ್ಲ. ಆದರೆ ಅತ್ಯಾಚಾರದ ವಿಷಯ ಎತ್ತಿದವರನ್ನೇ ಸರ್ಕಾರ ಬಂಧಿಸುತ್ತಿದ್ದ ದಿನಗಳಲ್ಲಿ ಸುರಕ್ಷಿತ ಮನೆಯ ಬಾಗಿಲು ತೆರೆದಿರಿಸಿಕೊಳ್ಳಲು ಹೊರಗಿನ ಹೆಸರು ನೆರವಾಗಿರಬೇಕು: 2013ರ ಜನವರಿಯಲ್ಲಿ ಅತ್ಯಾಚಾರದ ದೂರು ಹೇಳಿದ ಹೆಂಗಸನ್ನೂ ಆಕೆಯನ್ನು ಸಂದರ್ಶಿಸಿದ ಪತ್ರಕರ್ತನನ್ನೂ ಮೊಗದಿಶುವಿನಲ್ಲಿ ಬಂಧಿಸಿ, ಮುಂದಿನ ತಿಂಗಳು ಇಬ್ಬರಿಗೂ ಶಿಕ್ಷೆ ವಿಧಿಸಲಾಗಿತ್ತು; ಆಮೇಲೆ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಫರ್ತೂನ್ ಅವರಿಗೆ ವಾಷಿಂಗ್ಟನ್ನಿನ ಪ್ರಶಸ್ತಿ ಬಂದದ್ದು ಆ ಮೊಕದ್ದಮೆ ಇನ್ನೂ ಮುಗಿಯದಿದ್ದಾಗ.